ಗಟ್ಟಿ ನೆಲ

ಸಿದ್ದಬಸಪ್ಪನವರು ಯಾರ ಕಾರಿನಲ್ಲಿ ಕೂರುತ್ತಾರೆ ಎನ್ನುವುದು ಪ್ರಶ್ನೆಯೇ ಅಲ್ಲ ಎಂದುಕೊಂಡು ಚನ್ನವೀರೇಶ್ ಆ ಭಾನುವಾರ ಬೆಳಿಗ್ಗೆ ತನ್ನ ಫಿಯೆಟ್ಟಿನ ಎಡಗಡೆ ಸೀಟಿಗೆ ಒಗೆದ ಟರ್ಕಿ ಟವಲು ಹಾಸಿ, ಬೆನ್ನಿಗೊಂದು ಸಣ್ಣ ದಿಂಬನ್ನೂ ಇಟ್ಟುಕೊಂಡು ಬಸವೇಶ್ವರನಗರದಿಂದ ಹೊರಟಿದ್ದ. ಹಳೇ ಕಾರು ಬಳಗದ ವಾರ್ಷಿಕ ಸಮಾವೇಶಕ್ಕೆ ಜಾಗ ನೋಡಲು ಹೋಗುವಾಗ ಅಧ್ಯಕ್ಷರು ಕಾರ್ಯದರ್ಶಿಯ ಪಕ್ಕ ಕೂರುವುದು ಹನ್ನೊಂದು ವರ್ಷದಿಂದ ನಡೆದು ಬಂದದ್ದು. ಅದನ್ನು ಯಾರೂ ನಿಯಮ ಅಂತ ಬರೆದಿಟ್ಟಿರಲಿಲ್ಲ, ಅಷ್ಟೇ. ಆದರೆ ರಾಜಾಜಿನಗರದ ಅವರ ಮನೆ ಗೇಟಿಗೆ ಅವನು ಬರುವ ಹೊತ್ತಿಗೆ ಜೀವನ್‌ನ ಕೆಂಪು ಹೆರಾಲ್ಡು ಕಾರು ಆಗಲೇ ಬಂದು ನಿಂತಿತ್ತು. ಎಂಬತ್ತೊಂದು ವರ್ಷದ ಸಿದ್ದಬಸಪ್ಪನವರು ಕೋಲನ್ನು ಮೊದಲು ಒಳಗೆ ತೂರಿಸಿ, ಜೀವನ್‌ನ ಭುಜ ಹಿಡಿದುಕೊಂಡು, ಒಂದೊಂದೇ ಕಾಲು ಎತ್ತಿಟ್ಟು ಅದರ ಮುಂದಿನ ಸೀಟಿಗೆ ಇಳಿಯುತ್ತಿದ್ದರು. 'ಮೂರು ಜನಕ್ಕೆ ಎರಡು ಕಾರು ಯಾಕೋ ಚನ್ನೂ? ನಿಂದು ಇಲ್ಲೇ ಬಿಟ್ಟು ಇದರಲ್ಲೇ ಬಾ. ಟಾಪ್ ತೆಗೆದಿದಾನೆ, ಗಾಳಿ ಚೆನ್ನಾಗಿ ಬರ್ತದೆ,' ಎಂದರು. ಚನ್ನವೀರೇಶ್ 'ಆಯ್ತು ಸಾರ್' ಅಂದ. ಅಂದ ದನಿ ತನಗೇ ಸಣ್ಣದಾಗಿ ಕೇಳಿಸಿತು. ಎರಡೇ ಬಾಗಿಲಿನ ಕಾರು. ಹಿಂದೆ ಹೋಗಬೇಕಾದರೆ ಓಡಿಸುವವನ ಸೀಟನ್ನು ಮಡಚಿ, ಬೆನ್ನು ಬಗ್ಗಿಸಿ, ಅರವತ್ತೊಂದು ವರ್ಷದ ಮೊಣಕಾಲನ್ನು ಗದ್ದದ ಹತ್ತಿರ ತಂದುಕೊಂಡು ನುಸುಳಬೇಕು. 'ನಿಧಾನ ಸಾರ್,' ಎಂದು ಜೀವನ್ ಅವನ ಮೊಣಕೈ ಹಿಡಿದ. ಹಿಡಿಯಬಾರದಿತ್ತು.

ಹೊಟ್ಟೆಕಿಚ್ಚು ಅನ್ನುವುದು ಅವನ ಅವ್ವ ದಾವಣಗೆರೆಯಲ್ಲಿ ಓರಗಿತ್ತಿಯ ಬಗ್ಗೆ ಆಡುತ್ತಿದ್ದ ಮಾತು. ಓದಿದವರಿಗೆ, ಅದರಲ್ಲೂ ಮೂವತ್ತು ವರ್ಷ ಸರ್ಕಾರದಲ್ಲಿ ಇಂಜಿನಿಯರಾಗಿ ರಸ್ತೆ ಸೇತುವೆ ಕಟ್ಟಿಸಿ ನಿವೃತ್ತನಾದವನಿಗೆ ಅದು ಆಗುವ ಕಾಯಿಲೆಯಲ್ಲ ಎಂದು ಅವನು ನಂಬಿದ್ದ. ತನ್ನದು ಶಿಸ್ತಿನ ಪ್ರಶ್ನೆ, ಅಷ್ಟೇ. ಸಂಸ್ಥೆ ಅಂದಮೇಲೆ ಯಾರು ಮುಂದೆ ಯಾರು ಹಿಂದೆ ಅನ್ನುವುದು ಇರಬೇಕು. ಎರಡು ವರ್ಷದ ಹಿಂದೆ ಬಳಗಕ್ಕೆ ಸೇರಿದಾಗ ಜೀವನ್‌ಗೆ ಮೂವತ್ತಾರು. ಕಾಮಾಕ್ಷಿಪಾಳ್ಯದಲ್ಲಿ ಅವನದೊಂದು ಲೇತ್ ಶಾಪು. ಮೊದಲ ಮೀಟಿಂಗಿಗೆ ಉಗುರಿನ ಸಂದಿಯ ಗ್ರೀಸಿನ ಸಮೇತ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಅವತ್ತು ಚನ್ನವೀರೇಶ್ ತಾನಾಗಿ ಹೋಗಿ ಕೈ ಕುಲುಕಿದ್ದ, ಯಾಕೆಂದರೆ ಹಿಂದೆ ಕೂತವರನ್ನು ಮುಂದೆ ಕರೆಯುವ ಸುಖ ಅವನಿಗೆ ಗೊತ್ತಿತ್ತು. ಆಮೇಲೆ ಫಿಯೆಟ್ಟಿನ ಬಾಗಿಲ ಹಿಡಿಯ ವಿಷಯ. ಆರು ವರ್ಷ ಅವನು ಪುಣೆ, ಕೊಯಮತ್ತೂರು ಎಲ್ಲ ಕಡೆ ಹುಡುಕಿ ಸಿಗದೆ, ತಂತಿ ಸುತ್ತಿಕೊಂಡು ಓಡಾಡುತ್ತಿದ್ದ ಒಂದು ಹಿಡಿ. ಜೀವನ್ ಒಂದು ಸಂಜೆ ಅದನ್ನು ಬಿಚ್ಚಿಕೊಂಡು ಹೋಗಿ ಮೂರನೇ ದಿನ ಹೊಸದನ್ನು ಕಡೆದು, ಪಾಲಿಶು ಮಾಡಿ, ಮನೆಗೇ ತಂದು ಕೂರಿಸಿದ್ದ. 'ಟಕ್' ಎಂದು ಅದು ಕೂತ ಶಬ್ದಕ್ಕೆ ಹೇಮಶ್ರೀ ಚಪ್ಪಾಳೆ ತಟ್ಟಿದ್ದಳು. ಮದುವೆಯಾಗಿ ಮೂವತ್ತೆರಡು ವರ್ಷದಲ್ಲಿ ಹೆಂಡತಿ ಚಪ್ಪಾಳೆ ತಟ್ಟಿದ್ದನ್ನು ಅವನು ನೋಡಿದ್ದು ಅದೇ ಮೊದಲು. ಈವತ್ತು ಬೆಳಿಗ್ಗೆಯೂ ಉಪ್ಪಿಟ್ಟು ಬಡಿಸುತ್ತಾ ಕೇಳಿದ್ದಳು: 'ಜೀವನ್ ಬರ್ತಾನೆ ತಾನೇ? ಹಂಗಾದ್ರೆ ಸರಿ ಬಿಡಿ. ಸಿದ್ದಬಸಪ್ಪನವ್ರನ್ನ ಹತ್ತಿಸೋದು ಇಳಿಸೋದು ಅವನು ನೋಡ್ಕೋತಾನೆ.' ಇಷ್ಟು ವರ್ಷ ಹತ್ತಿಸಿ ಇಳಿಸಿದವನು ಯಾರು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಉಪ್ಪಿಟ್ಟು ಆರುತ್ತಿತ್ತು, ಅವಳು ನಗುತ್ತಿದ್ದಳು.

ಮೊದಲು ನೋಡಿದ್ದು ಚನ್ನವೀರೇಶ್ ಸೂಚಿಸಿದ್ದ ಜಾಗ, ನಂದಿನಿ ಲೇಔಟಿನ ಸಮುದಾಯ ಭವನದ ಮೈದಾನ. ಜನವರಿಯ ಸಮಾವೇಶಕ್ಕೆ ಅರವತ್ತು ಕಾರಾದರೂ ಬರುತ್ತವೆ, ಮೈಸೂರು ಹುಬ್ಬಳ್ಳಿಯಿಂದೆಲ್ಲ. ಹಳೇ ಕಾರೆಂದರೆ ಹಳೇ ಮನುಷ್ಯರ ಹಾಗೆ. ಎಲ್ಲಿ ಬೇಕಾದರಲ್ಲಿ ನಿಲ್ಲಿಸಿ ಎಬ್ಬಿಸಲಾಗುವುದಿಲ್ಲ. ಏರು ಕಡಿಮೆ ಇರಬೇಕು, ಕೈಗೆಟುಕುವಲ್ಲಿ ನೀರಿರಬೇಕು, ಒಳಗೆ ಬಂದ ಬಾಗಿಲಲ್ಲೇ ಹೊರಗೆ ಹೋಗುವಂತಿರಬಾರದು. ಇದನ್ನೆಲ್ಲ ಅವನು ಎರಡು ಸಲ ಬಂದು ಹೆಜ್ಜೆ ಹಾಕಿ ಅಳೆದು, ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ನಕ್ಷೆ ಬರೆದು ತಂದಿದ್ದ. ಸಿದ್ದಬಸಪ್ಪನವರು ಗೇಟಿನ ಒಳಗೆ ಹತ್ತು ಹೆಜ್ಜೆ ಬಂದು, ಕೋಲಿನ ಮೇಲೆ ಎರಡೂ ಕೈಯಿಟ್ಟು, ಮರವಿಲ್ಲದ ಬಯಲನ್ನು ಒಂದು ಸಲ ನೋಡಿದರು. 'ಎಲ್ಲಾ ಸರಿಯಾಗೇ ಇದೆ,' ಎಂದರು. 'ಎಲ್ಲಾ ಸರಿಯಾಗಿರೋದು ಬಿಟ್ರೆ ಇನ್ನೇನೂ ಇಲ್ವಲ್ಲೋ ಇಲ್ಲಿ.' ಅಂದು, ತಮ್ಮ ಮಾತಿಗೆ ತಾವೇ ನಕ್ಕರು. ಜೀವನ್ ನಗಲಿಲ್ಲ. 'ಇಲ್ಲ ಸಾರ್, ಚೆನ್ನಾಗಿದೆ. ಎಕ್ಸಿಟ್ ಎರಡಿದೆ ನೋಡಿ. ಇದು ಯಾರ ತಲೇಗೂ ಹೊಳೆಯಲ್ಲ,' ಎಂದ. ಅವನು ನಕ್ಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತನ್ನ ಪರವಾಗಿ ಅವನು ವಕಾಲತ್ತು ವಹಿಸುವುದೆಂದರೇನು? ಗೆಲ್ಲುವೆನೆಂಬ ಖಾತ್ರಿಯಿರುವವನು ಮಾತ್ರ ಎದುರಾಳಿಯ ಜಾಗವನ್ನು ಹಾಗೆ ಧಾರಾಳವಾಗಿ ಹೊಗಳಬಲ್ಲ ಎಂದುಕೊಂಡು, ನೋಟ್‌ಬುಕ್ಕನ್ನು ಮಡಚಿ ಜೇಬಿಗೆ ಹಾಕಿಕೊಂಡು, ಚನ್ನವೀರೇಶ್ ಮತ್ತೆ ಹಿಂದಿನ ಸೀಟಿಗೆ ನುಸುಳಿದ.

ಬಿನ್ನಿಪೇಟೆಗೆ ಹೋಗೋಣ ಎಂದವರು ಸಿದ್ದಬಸಪ್ಪನವರೇ. ಅಲ್ಲಿ ಸಮಾವೇಶ ಮಾಡುವಂಥ ಜಾಗ ಉಳಿದಿಲ್ಲ ಅಂತ ಮೂವರಿಗೂ ಗೊತ್ತಿತ್ತು. ಆದರೂ ಹೋದರು. ಬಟ್ಟೆ ಮಿಲ್ಲು ಇದ್ದ ಕಡೆ ಈಗ ಇಪ್ಪತ್ತು ಮಾಳಿಗೆಯ ಕಟ್ಟಡಗಳು. ಒಂದರ ಮುಂದೆ ಕಾರು ನಿಧಾನ ಮಾಡಿದ್ದಕ್ಕೇ ಸೆಕ್ಯುರಿಟಿಯವನು ಓಡಿಬಂದು, 'ಇಲ್ಲಿ ನಿಲ್ಲಿಸಂಗಿಲ್ಲ ಅಣ್ಣ, ಶೂಟಿಂಗಾ?' ಎಂದು ಕೇಳಿದ. ಜೀವನ್ ಸ್ವಲ್ಪ ಮುಂದೆ ಹೋಗಿ ಒಂದು ಟೀ ಅಂಗಡಿಯ ಹತ್ತಿರ ನಿಲ್ಲಿಸಿದ. ಮೂವರೂ ಕಾರಿನಲ್ಲೇ ಕೂತು ಟೀ ಕುಡಿಯುತ್ತಿದ್ದಾಗ ಸಿದ್ದಬಸಪ್ಪನವರು ಆ ಕಥೆಯನ್ನು ಶುರುಮಾಡಿದರು. ತಾವು ಇಪ್ಪತ್ತೆರಡರ ಹುಡುಗ, ಮಿಲ್ಲಿನ ಡ್ರಾಯಿಂಗ್ ಆಫೀಸಿನಲ್ಲಿ ಹೊಸದಾಗಿ ಸೇರಿದ್ದು, ಸಂಜೆ ಐದರ ಸೈರನ್ನು ಕೂಗಿದಾಗ ಗೇಟಿನ ಎದುರು, ಅಣ್ಣನಿಗೆ ಬುತ್ತಿ ತಂದಿದ್ದ ಒಂದು ಹುಡುಗಿ ಆ ಶಬ್ದಕ್ಕೆ ಬೆಚ್ಚಿ ಬುತ್ತಿ ಕೆಡವಿದ್ದು, ತಾವು ಆರಿಸಿಕೊಟ್ಟದ್ದು, ಅವಳೇ ಮುಂದೆ ಕಲ್ಯಾಣಮ್ಮ ಆಗಿ ಮನೆಗೆ ಬಂದದ್ದು. ಚನ್ನವೀರೇಶ್ ಗಾಜಿನ ಲೋಟವನ್ನು ಹಿಡಿದುಕೊಂಡು ಅಲ್ಲಾಡದೆ ಕೂತ. ಈ ಕಥೆ ಅವನದು. ಒಂಬತ್ತು ವರ್ಷದ ಹಿಂದೆ, ಕಲ್ಯಾಣಮ್ಮನವರು ತೀರಿಕೊಂಡ ಮೂರನೇ ವಾರ, ಫಿಯೆಟ್ಟಿನಲ್ಲಿ ಅವರನ್ನು ಸುಮ್ಮನೆ ಊರು ಸುತ್ತಿಸುತ್ತಿದ್ದಾಗ ಹೇಳಿದ್ದರು. ಹೇಳಿ, 'ಯಾರ ಹತ್ರಾನೂ ಹೇಳಿಲ್ಲ ಕಣೋ ಇದನ್ನ' ಎಂದು ಕಣ್ಣು ಒರೆಸಿಕೊಂಡಿದ್ದರು. ಅದನ್ನು ಅವನು ಹೇಮಶ್ರೀಗೂ ಹೇಳದೆ, ಯಾರಿಗೂ ತೋರಿಸದ ಒಡವೆಯಂತೆ ಇಟ್ಟುಕೊಂಡು ಬಂದಿದ್ದ. ಈಗ ಮುದುಕರು ಅದನ್ನು ಟೀ ಅಂಗಡಿಯ ಮುಂದೆ, ಬನ್ನು ಅದ್ದಿಕೊಂಡು ತಿನ್ನುತ್ತಾ, ಎರಡು ವರ್ಷದ ಪರಿಚಯದವನಿಗೆ ಕೊಟ್ಟುಬಿಡುತ್ತಿದ್ದರು. ಅದಾದರೂ ಇರಲಿ. 'ಒಂದು ಕಾಲಿನ ಚಪ್ಪಲಿ ಕಿತ್ತೋಗಿತ್ತು ನೋಡು, ಅದನ್ನ ಕೈಲಿ ಹಿಡ್ಕೊಂಡಿದ್ಲು. ಅದೇ ಕೈಲಿ ನನಗೆ ನಮಸ್ಕಾರ ಮಾಡೋಕೆ ಬಂದ್ಲು,' ಎಂದು ಸಿದ್ದಬಸಪ್ಪನವರು ಕೆಮ್ಮುವವರೆಗೂ ನಕ್ಕರು. ಚಪ್ಪಲಿಯ ವಿಷಯ ಅವನಿಗೆ ಹೇಳಿರಲಿಲ್ಲ. ಒಂಬತ್ತು ವರ್ಷ ತಾನು ಜೋಪಾನ ಮಾಡಿದ್ದು ಚಪ್ಪಲಿಯಿಲ್ಲದ ಕಥೆ. ಜೀವನ್ ಬೆನ್ನು ಸವರುತ್ತಾ ನೀರು ಕುಡಿಸುತ್ತಿದ್ದುದನ್ನು ಹಿಂದಿನಿಂದ ನೋಡುತ್ತಾ, ತನ್ನ ಎದೆಯ ಎಡಭಾಗದಲ್ಲಿ ಏನೋ ಬಿಸಿಯಾಗಿ ಕಚ್ಚಿದಂತಾಗಿ, ಇದೇನು ಹಾರ್ಟಿನ ತೊಂದರೆಯೋ ಎಂದು ಒಂದು ಕ್ಷಣ ನಿಜವಾಗಿ ಹೆದರಿದ. ಹಾರ್ಟಿನ ತೊಂದರೆಯಾಗಿದ್ದರೆ ಎಷ್ಟು ಗೌರವವಾಗಿರುತ್ತಿತ್ತು ಎಂದೂ ಅನ್ನಿಸಿತು.

ಕೆಂಗೇರಿ ದಾಟಿ ಬಲಕ್ಕೆ ತಿರುಗಿದ ಮೇಲೆ ದಾರಿ ಕಿರಿದಾಯಿತು. ಜೀವನ್ ತನ್ನ ಜಾಗ ಅಂತ ಹೇಳಿದ್ದು ಅವರಪ್ಪ ಬೈರಯ್ಯನ ಹೊಲ. ಹಳೇ ಕೆರೆಯ ಏರಿಗೆ ತಾಗಿಕೊಂಡಂತೆ, ಮೂರು ಕಡೆ ಹೊಂಗೆ ಮರಗಳಿದ್ದ, ತಟ್ಟೆಯಂತೆ ಸಮವಾದ ಎರಡೆಕರೆ ಬಯಲು. ರಾಗಿ ಕೊಯ್ದು ಕಡ್ಡಿಯನ್ನೂ ಕಿತ್ತು ಗುಡಿಸಿದ್ದರು. ಹಿಂದಿನ ವಾರದ ಮಳೆಗೆ ಧೂಳೆಲ್ಲ ಕೂತು ನೆಲ ಕೆಂಪಗೆ ಮಿರುಗುತ್ತಿತ್ತು. ಗಾಳಿ ಬಂದರೆ ಹೊಂಗೆಯ ನೆರಳೆಲ್ಲ ಒಟ್ಟಿಗೆ ಅಲುಗುತ್ತಿತ್ತು. ಸಿದ್ದಬಸಪ್ಪನವರು ಕಾರಿನಿಂದ ಇಳಿದವರು, ಯಾರ ಭುಜವನ್ನೂ ಹಿಡಿಯದೆ, ಕೋಲನ್ನು ಊರಿಕೊಂಡು ಬಯಲಿನ ನಡುವಿನವರೆಗೂ ತಾವೇ ನಡೆದುಹೋದರು. ಅದನ್ನು ನೋಡಿದಾಗಲೇ ಚನ್ನವೀರೇಶನಿಗೆ ಗೊತ್ತಾಯಿತು: ಮುಗಿಯಿತು. ಜೀವನ್ ಆಗಲೇ ಸುಣ್ಣದ ಗೆರೆ ಎಳೆದು ಅರವತ್ತು ಚೌಕ ಮಾಡಿಸಿದ್ದ. ಎಲ್ಲಕ್ಕಿಂತ ದೊಡ್ಡ ಹೊಂಗೆಯ ಕೆಳಗೆ ಎರಡು ಚೌಕ. ಅವಕ್ಕೆ ಮಾತ್ರ ಸುತ್ತಲೂ ರಂಗೋಲಿಯ ಎಳೆ. 'ಒಂದು ಅಧ್ಯಕ್ಷರದು,' ಎಂದ ಜೀವನ್. 'ಇನ್ನೊಂದು ನಿಮ್ಮ ಫಿಯೆಟ್ಟಿಗೆ ಸಾರ್. ನಿಮ್ದು ಒರಿಜಿನಲ್ ಪೇಂಟು, ಬಿಸಿಲಲ್ಲಿ ನಿಲ್ಸೋಕಾಗಲ್ಲ. ನನ್ನ ಗಾಡಿ ಆ ಕಡೆ ಗೇಟ್ ಹತ್ರ ಹಾಕ್ತೀನಿ, ನನಗೆ ಓಡಾಟ ಇರ್ತದೆ.' ಬಂದವರಿಗೆ ಕೊಡಲು ಎಳನೀರು ಕೆತ್ತುತ್ತಿದ್ದ ಬೈರಯ್ಯ ತಲೆಯೆತ್ತಿ, 'ಇಂಜಿನಿಯರ್ ಸಾಹೇಬ್ರ ಗಾಡಿ ಗಾಡಿ ಅಂತ ಒಂದು ವಾರದಿಂದ ಇದೇ ಆಗೋಯ್ತು ಸ್ವಾಮಿ ನನ್ನ ಮಗಂದು,' ಎಂದು ನಕ್ಕ. ರಂಗೋಲಿಯನ್ನು ಬಿಟ್ಟದ್ದು ಜೀವನ್ ತಾಯಿ ಅಕ್ಕಯ್ಯಮ್ಮ ಅಂತೆ. ಚನ್ನವೀರೇಶ್ ತನ್ನ ಹೆಸರಿನ ಆ ಚೌಕದ ಒಳಗೆ ನಿಂತಿದ್ದ. ನೆರಳು ತಣ್ಣಗಿತ್ತು. ತನಗೆ ಹೀಗೆ ಜಾಗ ಮಾಡಿಕೊಡಲು ಇವನು ಯಾರು ಎಂಬ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಎದುರು ನಿಂತು ಜಗಳವಾಡಿದ್ದರೆ, ಹಿಂದಿನಿಂದ ಚುಚ್ಚಿದ್ದರೆ, ಒಂದು ಸಲ, ಒಂದೇ ಒಂದು ಸಲ ಅಗೌರವವಾಗಿ ನಡೆದುಕೊಂಡಿದ್ದರೆ ಇವನನ್ನು ಕ್ಷಮಿಸಿಬಿಡಬಹುದಿತ್ತು.

ನಡುಬಯಲಿನಿಂದ ಸಿದ್ದಬಸಪ್ಪನವರು ಕೂಗಿದರು. 'ಚನ್ನೂ! ಹೇಗಿದೆಯೋ?'

ಅವನು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಬೆರಳಲ್ಲಿ ಉಜ್ಜಿದ. ಎಷ್ಟೋ ಸಾವಿರ ಸಲ ಮಾಡಿದ ಕೆಲಸ. ಕೈಗೆ ತಾನಾಗಿ ಬಂತು. ಬೂಟಿನ ಹಿಮ್ಮಡಿಯಿಂದ ಮೂರು ಕಡೆ ಒತ್ತಿ ನೋಡಿದ. ಹಿಮ್ಮಡಿ ಹಿಂದಕ್ಕೆ ಚಿಮ್ಮಿತು. ಲಾರಿ ನಿಲ್ಲಿಸಿದರೂ ಜಗ್ಗದ ನೆಲ. ಆಮೇಲೆ ತಲೆಯೆತ್ತಿ ಕೆರೆಯ ಏರಿಯನ್ನು ನೋಡಿದ, ಬಯಲನ್ನು ನೋಡಿದ, ತಲೆಯಾಡಿಸಿದ. 'ಇದು ಮೇಲಿಂದ ಮಣ್ಣು ತುಂಬಿದ ನೆಲ ಸಾರ್,' ಎಂದ. ದನಿ ತನ್ನದೇ, ಹಳೇ ಸೈಟಿನ ದನಿ, ಕಂಟ್ರಾಕ್ಟರುಗಳು ಎದುರಾಡಲು ಹೆದರುತ್ತಿದ್ದ ದನಿ. 'ಮೇಲೆ ಒಂದೂವರೆ ಎರಡಡಿ ಗಟ್ಟಿ ಕಾಣ್ತದೆ. ಕೆಳಗೆ ಕೆರೆ ಅಂಗಳದ ಮೆತ್ತನೆ ಗೋಡು. ಒಂದೊಂದು ಗಾಡಿ ಒಂದು ಟನ್ನು. ಅರವತ್ತು ಗಾಡಿ ಬೆಳಗಿಂದ ಸಂಜೆ ನಿಂತು, ಹಿಂದಿನ ರಾತ್ರಿ ಒಂದು ಹನಿ ಮಳೆ ಬಿದ್ದಿದ್ರೆ, ಚಕ್ರ ಹೂತ್ಕೊಳ್ತವೆ. ಆಕ್ಸಲ್ ಮುರಿದ್ರೆ ಈ ಗಾಡಿಗಳಿಗೆ ಇನ್ನೊಂದು ಎಲ್ಲಿ ತರೋದು?' ಬೈರಯ್ಯ ಮಚ್ಚನ್ನು ಕೆಳಗಿಟ್ಟು ಎದ್ದು ಬಂದ. 'ಇಲ್ಲ ಸ್ವಾಮಿ,' ಎಂದ, ವಾದ ಮಾಡುವವನಂತಲ್ಲ, ಮಗುವಿನ ಹೆಸರನ್ನು ತಪ್ಪಾಗಿ ಹೇಳಿದವರನ್ನು ತಿದ್ದುವವನಂತೆ. 'ನಮ್ಮಪ್ಪ ಇಲ್ಲಿ ಉಳುವಾಗ ನೇಗಿಲ ಕುಳ ಮುರೀತಿತ್ತು.' ಚನ್ನವೀರೇಶ್ ಅವನ ಭುಜದ ಮೇಲೆ ಕೈಯಿಟ್ಟ. 'ಅದು ಮೇಲಿನ ಮಣ್ಣು ಯಜಮಾನ್ರೇ. ನೇಗಿಲು ಹೋಗೋದು ಅರ್ಧ ಅಡಿ. ನಾನು ಹೇಳ್ತಿರೋದು ಅದರ ಕೆಳಗಿಂದು.' ಬೈರಯ್ಯ ತನ್ನ ನೆಲವನ್ನು ನೋಡಿದ. ಎಪ್ಪತ್ತು ವರ್ಷ ನೋಡಿದ ನೆಲವನ್ನು ಹೊಸದಾಗಿ, ಸ್ವಲ್ಪ ಅಪನಂಬಿಕೆಯಿಂದ ನೋಡಿದ. 'ಇದ್ರೂ ಇರ್ಬೌದು,' ಎಂದ ನಿಧಾನವಾಗಿ. 'ನಮ್ಮ ತಾತನ ಕಾಲ್ದಲ್ಲಿ ಕೆರೆ ನೀರು ಈ ಹೊಂಗೆ ಬುಡದವರೆಗೂ ಬರ್ತಿತ್ತು ಅಂತಿದ್ರು.' ಸುಳ್ಳಿಗೆ ಬೇಕಾದ ಸಾಕ್ಷಿಯನ್ನು ಅವನೇ ಹುಡುಕಿ ತಂದುಕೊಟ್ಟ. ಜೀವನ್ ತನ್ನ ಸುಣ್ಣದ ಗೆರೆಯೊಂದನ್ನು ಚಪ್ಪಲಿಯ ತುದಿಯಿಂದ ಅಳಿಸುತ್ತಾ, 'ನೀವು ಹೇಳಿದ್ದು ಒಳ್ಳೇದಾಯ್ತು ಸಾರ್. ನನಗೆ ಇದೆಲ್ಲ ಗೊತ್ತಾಗಲ್ಲ. ನಂದಿನಿ ಲೇಔಟೇ ಆಗ್ಲಿ,' ಎಂದ. ಸಿದ್ದಬಸಪ್ಪನವರು ತಮ್ಮ ಕೋಲು ಊರಿದ್ದ ನೆಲವನ್ನು ನೋಡುತ್ತಾ ನಿಂತರು.

ಊಟ ಮಾಡಿಯೇ ಹೋಗಬೇಕೆಂದು ಅಕ್ಕಯ್ಯಮ್ಮ ಹಿಡಿದು ನಿಲ್ಲಿಸಿದರು. ಹೊಲದ ಅಂಚಿನ ಮನೆಯ ಪಡಸಾಲೆಯಲ್ಲಿ ಮೂವರಿಗೂ ಮಣೆ ಹಾಕಿದ್ದರು. ಜೀವನ್‌ನ ತಂಗಿ ದಿವ್ಯ ತಟ್ಟೆ ಇಟ್ಟಳು, ಅವಳ ಇಬ್ಬರು ಸಣ್ಣ ಹೆಣ್ಣುಮಕ್ಕಳು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಮುದ್ದೆ, ಅವರೆಕಾಳಿನ ಸಾರು, ಮೇಲೆ ತುಪ್ಪ. ಅಕ್ಕಯ್ಯಮ್ಮ ಎಲ್ಲರಿಗಿಂತ ಮೊದಲು ಅವನಿಗೇ ಬಡಿಸಿದರು. 'ಅರವತ್ತು ಗಾಡಿಯೋರು ಹೂತ್ಕೊಂಡು ಶಾಪ ಹಾಕಿದ್ರೆ ನಮ್ ಗತಿ ಏನಾಗ್ತಿತ್ತಪ್ಪ? ಅವತ್ತು ಎಲ್ರಿಗೂ ನಾನೇ ಅಡುಗೆ ಮಾಡ್ಬೇಕು ಅಂತಿದ್ದೆ. ಹೋಗ್ಲಿ, ನಮಗಿಲ್ಲ ಆ ಪುಣ್ಯ. ಇನ್ನೊಂದ್ ಸೌಟು ಹಾಕ್ಲಾ?' ಅವನು ತಟ್ಟೆಯನ್ನು ಮುಂದೆ ಸರಿಸಿದ. ಮುದ್ದೆಯನ್ನು ಮುರಿದು ಸಾರಿನಲ್ಲಿ ಅದ್ದಿ ನುಂಗಿದ. ರುಚಿಯಾಗಿತ್ತು. ಅದೇ ಅವನಿಗೆ ಆಶ್ಚರ್ಯವಾದದ್ದು, ಅಷ್ಟು ರುಚಿಯಾಗಿದ್ದು. ಇಂಥ ಹೊತ್ತಿನಲ್ಲಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದು ಅವನು ತಿಳಿದಿದ್ದ. ಇಳಿಯಿತು. ಎರಡನೇ ಮುದ್ದೆಯೂ ಇಳಿಯಿತು.

ವಾಪಸು ಬರುವಾಗ ಸಿದ್ದಬಸಪ್ಪನವರು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದರು. ರಾಜಾಜಿನಗರದಲ್ಲಿ ಅವರನ್ನು ಇಳಿಸಿ ಜೀವನ್ ಹೊರಟುಹೋದ ಮೇಲೆ, ಚನ್ನವೀರೇಶ್ ಅವರನ್ನು ಮೆಟ್ಟಿಲು ಹತ್ತಿಸಲು ತೋಳು ಕೊಟ್ಟ. ಮೂರನೇ ಮೆಟ್ಟಿಲಲ್ಲಿ ಅವರು ನಿಂತರು. ಉಸಿರು ಸುಧಾರಿಸಿಕೊಳ್ಳಲು ನಿಂತರೆಂದು ಅವನು ಅಂದುಕೊಂಡ. 'ಚನ್ನೂ,' ಎಂದರು, ಅವನ ಮುಖ ನೋಡದೆ, ಕೋಲಿನ ತುದಿಯ ರಬ್ಬರನ್ನು ನೋಡುತ್ತಾ. 'ನಾನು ಆ ಹೊಲದ ನಡುವೆ ಹತ್ತು ನಿಮಿಷ ಇದರ ಮೇಲೆ ಭಾರ ಬಿಟ್ಟು ನಿಂತಿದ್ದೆ. ಒಂದು ಗುಳಿ ಬೀಳಲಿಲ್ಲ.' ಅವನು ಏನೋ ಹೇಳಲು ಹೋದ. ಕೋಲಿನ ಭಾರ ಬೇರೆ, ಕಾರಿನ ಭಾರ ಬೇರೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅವರು ಕೈಯೆತ್ತಿ ತಡೆದರು. 'ಹೇಳಬೇಡ. ನಿನಗೆ ಆ ನಂದಿನಿ ಲೇಔಟೇ ಬೇಕು ಅಂತ ನನ್ನ ಕೇಳಿದ್ರೆ ನಾನು ಕೊಡ್ತಾ ಇರ್ಲಿಲ್ವೇನೋ?' ಅಷ್ಟೇ. ಆಮೇಲೆ ತೋಳು ಬಿಡಿಸಿಕೊಂಡು, ಗೋಡೆ ಹಿಡಿದು, ಉಳಿದ ನಾಲ್ಕು ಮೆಟ್ಟಿಲನ್ನು ತಾವೇ ಹತ್ತಿದರು. ಮರುದಿನ ನಂದಿನಿ ಲೇಔಟಿನ ಸುತ್ತೋಲೆಗೆ ಅವರ ಸಹಿ ಬಂತು, ಎಂದಿನ ಹಾಗೆ, ನಡುಗುವ ಅಕ್ಷರದಲ್ಲಿ. ಆಮೇಲಿನ ಎರಡು ತಿಂಗಳು ಅವರು ಅವನೊಂದಿಗೆ ಒಂದು ಬಿರುಸು ಮಾತು ಆಡಲಿಲ್ಲ. 'ಬಾಪ್ಪ' ಎನ್ನುತ್ತಿದ್ದರು, 'ಕೂತ್ಕೊಳಪ್ಪ' ಎನ್ನುತ್ತಿದ್ದರು. ಚನ್ನೂ ಎನ್ನಲಿಲ್ಲ. ಅವರು ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ ಎಂದು ಅವನು ಎಷ್ಟೋ ಸಲ ಅಂದುಕೊಂಡ; ಹಿಡಿಯುತ್ತಿರಲಿಲ್ಲ ಎಂದೂ ಅವನಿಗೆ ಗೊತ್ತಿತ್ತು. 'ಜೀವನ್ ಬೇಜಾರು ಮಾಡ್ಕೊಂಡ್ನಾ ಪಾಪ?' ಎಂದು ಹೇಮಶ್ರೀ ಕೇಳಿದ್ದಕ್ಕೆ, 'ಇಲ್ಲ' ಎಂದ. ಅದು ನಿಜವಾಗಿತ್ತು. ಬೇಜಾರಿಲ್ಲದ ಆ ಮುಖ ದಿನಾ ಕನ್ನಡಿಯಲ್ಲಿ ಗಡ್ಡ ಹೆರೆದುಕೊಳ್ಳುವಾಗ ತನ್ನ ಹೆಗಲ ಹಿಂದೆ ನಿಂತಂತಾಗುತ್ತಿತ್ತು.

ಸಮಾವೇಶ ಜನವರಿಯ ಮೂರನೇ ಭಾನುವಾರ ನಡೆಯಿತು. ಚೆನ್ನಾಗಿಯೇ ನಡೆಯಿತು. ಅರವತ್ತೆಂಟು ಕಾರು ಬಂದವು. ಎರಡು ಬಾಗಿಲು ಇದ್ದದ್ದರಿಂದ ಎಲ್ಲೂ ಗಂಟು ಬೀಳಲಿಲ್ಲ. ಶಾಮಿಯಾನ ಹಾಕಿಸಿದ್ದರಿಂದ ಬಿಸಿಲೂ ಅಷ್ಟಾಗಿ ಕಾಣಲಿಲ್ಲ. ಮೈಸೂರಿನವರು ಅವನ ಕೈ ಕುಲುಕಿ, 'ಏನ್ ಪ್ಲಾನಿಂಗ್ ಸಾರ್' ಎಂದರು. ಚನ್ನವೀರೇಶ್ ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡು ಓಡಾಡುತ್ತಾ, ಸಂತೋಷ ಎಲ್ಲಿಂದಾದರೂ ಶುರುವಾಗುತ್ತದೆಯೋ ಎಂದು ಒಳಗೊಳಗೇ ಕಾಯುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಯಾರೋ ಹಿಂದಿನಿಂದ 'ಸ್ವಾಮಿ' ಎಂದರು. ತಿರುಗಿದರೆ ಬೈರಯ್ಯ. ಇಸ್ತ್ರಿ ಮಾಡಿದ ಬಿಳೀ ಅಂಗಿ, ಹೆಗಲ ಮೇಲೆ ಹೊಸ ಟವಲು. ಮಗನ ಕಾರು ನೋಡಲು ಬಂದಿರಬೇಕು. ಬೈರಯ್ಯ ಎರಡೂ ಕೈ ಜೋಡಿಸಿ ಮುಗಿದ, ಎದೆಯ ಹತ್ತಿರ ಅಲ್ಲ, ಹಣೆಯ ಹತ್ತಿರ.

'ನಿಮ್ಮನ್ನ ಕಂಡು ಒಂದು ಮಾತು ಹೇಳಿ ಹೋಗೋಣ ಅಂತಾನೇ ಬಂದೆ ಸ್ವಾಮಿ. ನಮ್ಮ ದಿವ್ಯ ಗಂಡನ್ನ ಕಳ್ಕೊಂಡು ಎರಡು ವರ್ಷ ಆಯ್ತು. ಆ ಎರಡು ಮಕ್ಕಳನ್ನ ಕಟ್ಕೊಂಡು ನಮ್ ಜತೇಲೇ ಐತೆ. ಅದಕ್ಕೂ ಅಂತ ಒಂದು ಸೂರು ಇರ್ಲಿ ಅಂತ ಆ ಹೊಂಗೆ ಮರದ ಮಗ್ಗುಲಲ್ಲೇ ಪಾಯ ತೋಡೋಕೆ ದಿನ ಗೊತ್ತು ಮಾಡಿದ್ವಿ. ನೀವು ಅವತ್ತು ಬಾಯಿ ಬಿಟ್ಟು ಹೇಳಿದ್ದಕ್ಕೆ ಉಳಿದ್ವಿ. ನಿಲ್ಲಿಸ್ಬಿಟ್ಟೆ. ಇಲ್ದಿದ್ರೆ ನಾಳೆ ಗೋಡೆ ಕುಸಿದು ಆ ಮಕ್ಕಳ ಮೇಲೆ ಬಿದ್ದಿದ್ರೆ? ದೇವ್ರು ಬಂದಂಗೆ ಬಂದ್ರಿ.'

ಲೌಡ್‌ಸ್ಪೀಕರಿನಲ್ಲಿ ಯಾರೋ ಒಂದು ಕಾರಿನ ನಂಬರು ಕೂಗುತ್ತಿದ್ದರು. ಚನ್ನವೀರೇಶನಿಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದ ಎರಡು ಮುಖಗಳು ಕಂಡವು. ಅವುಗಳಿಗೆ ಮನೆಯಿಲ್ಲದಂತೆ ಮಾಡಿದ್ದು ತನ್ನ ಬೂಟಿನ ಹಿಮ್ಮಡಿ. 'ಯಜಮಾನ್ರೇ,' ಎಂದ. 'ಆ ನೆಲಕ್ಕೆ ಏನೂ ಆಗಿಲ್ಲ. ಗಟ್ಟಿಯಾಗಿದೆ. ನಾನು ಅವತ್ತು ಸುಳ್ಳು ಹೇಳಿದೆ. ನೀವು ಅಲ್ಲೇ ಮನೆ ಕಟ್ಟಿ.' ಇಷ್ಟು ಹೇಳಲು ಅವನಿಗೆ ಎರಡು ತಿಂಗಳು ಬೇಕಾಗಿತ್ತು. ಬೈರಯ್ಯ ಅವನನ್ನು ನೋಡಿದ. ನೋಡುತ್ತಾ ನೋಡುತ್ತಾ ಅವನ ಮುಖದಲ್ಲಿ ಒಂದು ದೊಡ್ಡ ಮರುಕ ಹರಡಿತು. 'ನಿಮ್ ಮನಸ್ಸು ದೊಡ್ಡದು ಸ್ವಾಮಿ,' ಎಂದ. 'ಮುದುಕ ನೊಂದ್ಕೊಂಡವ್ನೆ, ಸಮಾಧಾನ ಹೇಳಾಣ ಅಂತ ಹಿಂಗಂತೀರಿ. ನೀವು ಸುಳ್ಳು ಹೇಳೋರಾ? ಓದಿದೋರು, ಸರ್ಕಾರದಲ್ಲಿ ಇದ್ದೋರು, ನಮ್ ನೆಲದ ಮೇಲೆ ನಿಮಗ್ಯಾಕೆ ಸಿಟ್ಟು?' ಮತ್ತೊಮ್ಮೆ ಕೈಮುಗಿದು, ಚನ್ನವೀರೇಶ್ ತೋಳು ಹಿಡಿದು ನಿಲ್ಲಿಸುವುದರೊಳಗೆ, ಜನರ ನಡುವೆ ಹೊರಟುಹೋದ. ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದ ಮನುಷ್ಯ ನಿಜವನ್ನು ಸೌಜನ್ಯ ಅಂತ ತೆಗೆದುಕೊಂಡು ಹೋಗಿದ್ದ.

ಇನ್ನು ಉಳಿದಿದ್ದು ಜೀವನ್ ಒಬ್ಬನೇ. ಅವನು ಶಾಮಿಯಾನದ ಆ ತುದಿಯಲ್ಲಿ ಹುಬ್ಬಳ್ಳಿಯವರ ಕಾರಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದ. ಚನ್ನವೀರೇಶ್ ಹೋಗಿ ಅವನ ಹೆಗಲು ಮುಟ್ಟಿದ, ಪಕ್ಕಕ್ಕೆ ಕರೆದ, ನೀರಿನ ಟ್ಯಾಂಕಿನ ಹಿಂದೆ, ಯಾರೂ ಇಲ್ಲದ ಕಡೆ. ಈ ಸಲ ಮಾತು ಚಿಕ್ಕದಾಗಿ ಬಂತು. 'ನಿಮ್ಮ ಹೊಲ ಗಟ್ಟಿ ನೆಲ ಜೀವನ್. ಗೊತ್ತಿದ್ದೂ ಸುಳ್ಳು ಹೇಳಿದೆ. ನಿಮ್ಮಪ್ಪನಿಗೆ ಈಗ ಹೇಳಿದೆ, ನಂಬಲಿಲ್ಲ.' ಯಾಕೆ ಎಂದು ಅವನು ಕೇಳುತ್ತಾನೆ; ಕೇಳಿದರೆ ಮುಂದಿನ ಸೀಟು, ಟೀ ಅಂಗಡಿ, ಚಪ್ಪಲಿ, ಎಲ್ಲ ಹೇಳಿಬಿಡಬೇಕೆಂದು ಚನ್ನವೀರೇಶ್ ಸಿದ್ಧನಾಗಿದ್ದ. ಹೇಳುವ ಆಸೆಯೂ ಆಗಿತ್ತು. ಜೀವನ್ ಕೇಳಲಿಲ್ಲ. ಕೈಯಲ್ಲಿದ್ದ ವೇಸ್ಟ್ ಬಟ್ಟೆಯಿಂದ ಒಂದೊಂದೇ ಬೆರಳನ್ನು ಒರೆಸಿಕೊಂಡ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ, ಆಮೇಲೆ ಇನ್ನೊಂದು ಕೈ. ಅವನ ಕಿವಿಗಳು ಕೆಂಪಾಗಿದ್ದವು. ಎರಡು ವರ್ಷದಲ್ಲಿ ಮೊದಲ ಸಲ ಅವನು 'ಸಾರ್' ಎಂದು ಮಾತು ಶುರುಮಾಡಲಿಲ್ಲ.

'ಅಪ್ಪನ ಹತ್ರ ಇನ್ನೊಂದು ಸಲ ಈ ಮಾತು ಎತ್ತಬೇಡಿ,' ಎಂದ. 'ಅವರು ನಿಮ್ಮ ಹೆಸರು ಹೇಳ್ಕೊಂಡು ಊರೆಲ್ಲ ಓಡಾಡ್ತಿದಾರೆ. ಇದು ನಿಜ ಅಂತ ಗೊತ್ತಾದ್ರೆ ತಡ್ಕೊಳಲ್ಲ. ನಾನು ಬೇರೆ ಇಂಜಿನಿಯರ್‌ನ ಕರ್ಕೊಂಡು ಬರ್ತೀನಿ. ಮಿಷನ್ ಇಟ್ಟು ಟೆಸ್ಟ್ ಮಾಡಿದ್ರು, ಈಗ ಸರಿಯಿದೆ ಅಂದ್ರು ಅಂದ್ರೆ ನಂಬ್ತಾರೆ.' ಬಟ್ಟೆಯನ್ನು ಜೇಬಿಗೆ ತುರುಕಿಕೊಂಡು, ಹೋಗುವ ಮುಂಚೆ ಒಂದು ಕ್ಷಣ ತಡೆದು, 'ಊಟ ಮಾಡಿ ಹೋಗಿ,' ಎಂದ, ಯಾರಿಗಾದರೂ ಹೇಳುವ ಹಾಗೆ.

ಚನ್ನವೀರೇಶ್ ಟ್ಯಾಂಕಿಗೆ ಒರಗಿ ನಿಂತ. ಸಿಮೆಂಟು ಬೆನ್ನಿಗೆ ತಣ್ಣಗೆ ಹತ್ತಿತು. ಒಳ್ಳೆಯದಾಯಿತು, ಮನೆ ಏಳುತ್ತದೆ, ಮಕ್ಕಳಿಗೆ ಸೂರಾಗುತ್ತದೆ, ಇನ್ನೇನು ಬೇಕು ಎಂದು ತನಗೆ ತಾನೇ ಹೇಳಿಕೊಂಡ. ನಿಜವಾಗಿಯೂ ಹಗುರವಾದಂತಾಯಿತು. ಆದರೆ ಆ ಹಗುರದ ಹಿಂದೆಯೇ ಕೆಂಗೇರಿಯ ಆ ಬಯಲು ಬಂತು. ಮುಖ ಕಾಣದ ಒಬ್ಬ ಇಂಜಿನಿಯರು, ವಯಸ್ಸು ಚಿಕ್ಕದಿರಬಹುದು, ಹೊಂಗೆಯ ನೆರಳಲ್ಲಿ ಕಾರು ನಿಲ್ಲಿಸಿ ಇಳಿಯುತ್ತಾನೆ. ನೆಲ ಕೊರೆದು ನೋಡುತ್ತಾನೆ. 'ಗಟ್ಟಿಯಾಗಿದೆ ಯಜಮಾನ್ರೇ, ಧೈರ್ಯವಾಗಿ ಕಟ್ಟಿ,' ಎನ್ನುತ್ತಾನೆ. ಬೈರಯ್ಯ ಹಣೆಯ ಹತ್ತಿರ ಕೈ ಜೋಡಿಸುತ್ತಾನೆ. ಅಕ್ಕಯ್ಯಮ್ಮ ಮಣೆ ಹಾಕಿ, ಎಲ್ಲರಿಗಿಂತ ಮೊದಲು ಅವನಿಗೆ ಬಡಿಸುತ್ತಾರೆ. ಜೀವನ್ ಅವನಿಗೆ ಕಾರಿನ ಬಾಗಿಲು ತೆರೆದು ಹಿಡಿದು, 'ನಿಧಾನ ಸಾರ್,' ಎಂದು ಮೊಣಕೈ ಹಿಡಿಯುತ್ತಾನೆ. ಆ ಮನುಷ್ಯ ಯಾರೋ, ಇನ್ನೂ ಗೊತ್ತಾಗಿಲ್ಲ, ಬಂದೂ ಇಲ್ಲ. ಚನ್ನವೀರೇಶ್ ಕಣ್ಣು ಮುಚ್ಚಿದ. ಎದೆಯ ಎಡಗಡೆ, ಅವತ್ತು ಟೀ ಅಂಗಡಿಯ ಮುಂದೆ ಕಚ್ಚಿದಂತೆಯೇ, ಮತ್ತೆ ಏನೋ ಬಿಸಿಯಾಗಿ ಕಚ್ಚತೊಡಗಿತ್ತು.